ಬೆನಕಪ್ಪನವರ ಫೋಟೊ ಮತ್ತು ಹೊಸ ಲ್ಯಾಪ್‌ಟಾಪ್

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಬೆನಕಪ್ಪ ತೀರಿಕೊಂಡರು. ಅದೇ ದಿನ ಹನ್ನೊಂದು ಗಂಟೆಗೆ ತರೀಕೆರೆಯ ಫೋಟೊಗ್ರಾಫರ್ ಮುಬಶೀರ್, ಆ ಸುದ್ದಿ ಇನ್ನೂ ಗೊತ್ತಿಲ್ಲದೆ, ಕಡೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಎರಡು ಲ್ಯಾಪ್‌ಟಾಪ್‌ಗಳನ್ನು ಮುಂದಿಟ್ಟುಕೊಂಡು ಕೂತಿದ್ದ.

ಅವನ ಹಳೆಯ ಲ್ಯಾಪ್‌ಟಾಪ್ ಭಾನುವಾರ, ಒಂದು ನಾಮಕರಣದ ಆಲ್ಬಂ ಅರ್ಧಕ್ಕೆ ಬಂದಿದ್ದಾಗ, ಪರದೆ ಕಪ್ಪಾಗಿ ನಿಂತುಬಿಟ್ಟಿತ್ತು. ಅಂಗಡಿಯ ಬಸವೇಶ್ ಅದನ್ನು ಬಿಚ್ಚಿ ನೋಡಿ, ಬೋರ್ಡ್ ಹೋಗಿದೆ, ರಿಪೇರಿಗಿಂತ ಹೊಸದೇ ಮೇಲು ಎಂದಿದ್ದ. ಬಸವೇಶ್ ಮಾತುಗಾರ, ಆದರೆ ಸುಳ್ಳುಗಾರನಲ್ಲ. ಅವನ ಮದುವೆಯ ಫೋಟೊ ತೆಗೆದವನು ಮುಬಶೀರನೇ. ಹೀಗಾಗಿ ಇಬ್ಬರ ನಡುವೆ ಸಲಿಗೆ ಇತ್ತು.

ಎರಡೂ ಲ್ಯಾಪ್‌ಟಾಪ್‌ಗಳ ಬೆಲೆ ಹೆಚ್ಚುಕಡಿಮೆ ಒಂದೇ. ಒಂದು ತೆಳ್ಳಗೆ, ಬೆಳ್ಳಿ ಬಣ್ಣದ್ದು. ಕೀಲಿಮಣೆಯಲ್ಲೇ ಎಐಗೆಂದು ಒಂದು ಪ್ರತ್ಯೇಕ ಕೀಲಿ ಇತ್ತು. ಒಳಗೆ ಅದಕ್ಕೆಂದೇ ಬೇರೆ ಚಿಪ್ ಇದೆ, ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ ಎಂದು ಬಸವೇಶ್ ವಿವರಿಸಿದ. ಬ್ಯಾಟರಿ ಇಡೀ ದಿನ ಬರುತ್ತದೆ. ಆದರೆ ಕ್ಯಾಮೆರಾದ ಕಾರ್ಡ್ ಹಾಕಲು ಜಾಗವಿಲ್ಲ, ಮುಂದೆ ರ್‍ಯಾಮ್ ಹೆಚ್ಚಿಸಲೂ ಬರುವುದಿಲ್ಲ. ಇನ್ನೊಂದು ಕಪ್ಪಗೆ, ದಪ್ಪಗೆ, ಎತ್ತಿದರೆ ಇಟ್ಟಿಗೆ ಎತ್ತಿದ ಹಾಗೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇತ್ತು, ಕ್ಯಾಮೆರಾ ಕಾರ್ಡಿಗೆ ಜಾಗ ಇತ್ತು, ರ್‍ಯಾಮ್ ಹೆಚ್ಚಿಸಬಹುದಿತ್ತು. ಬ್ಯಾಟರಿ ಮಾತ್ರ ಚಾರ್ಜರ್ ಕಿತ್ತರೆ ಮಧ್ಯಾಹ್ನದ ಊಟದವರೆಗೂ ನಿಲ್ಲುವುದಿಲ್ಲ. ಎಐ ಎಂಬ ಎರಡಕ್ಷರ ಅದರ ಮೇಲೆ ಎಲ್ಲೂ ಇರಲಿಲ್ಲ.

ಬಸವೇಶ್ ತನ್ನ ಫೋನಿನಲ್ಲಿ ಮುಬಶೀರನದೇ ಒಂದು ಫೋಟೊ ತೆಗೆದು ಬೆಳ್ಳಿ ಬಣ್ಣದ್ದಕ್ಕೆ ಹಾಕಿದ. ಒಂದು ಒತ್ತಿಗೆ ಹಿಂದಿನ ಕಪಾಟು ಮಾಯವಾಯಿತು. ಇನ್ನೊಂದು ಒತ್ತಿಗೆ ಮುಬಶೀರನ ಕಣ್ಣ ಕೆಳಗಿನ ಕಪ್ಪು ಹೋಯಿತು.

"ಈ ಕಾಲ್ದಲ್ಲಿ ಎಐ ಇಲ್ದಿರೋದು ತಗೊಳ್ಳೋದು ಅಂದ್ರೆ ಬಟನ್ ಫೋನ್ ತಗೊಂಡಂಗೆ, ಮುಬಶೀರ್ ಭಾಯ್," ಎಂದ ಬಸವೇಶ್.

ಮುಬಶೀರ್ ಹೆಂಡತಿ ಶಿರೀನ್ ತಾಜ್‌ಗೆ ಫೋನ್ ಮಾಡಿದ. ಸ್ಟುಡಿಯೋದಲ್ಲಿ ಪ್ರಿಂಟಿಂಗ್, ಫ್ರೇಮು, ಗಿರಾಕಿಗಳ ಜೊತೆ ಮಾತು, ಎಲ್ಲ ಅವಳದೇ. ಅವಳು ಬೆಲೆ ಕೇಳಲಿಲ್ಲ. ನಾವು ಮಾಡುವ ಕೆಲಸದಲ್ಲಿ ಯಾವ ಕೆಲಸವನ್ನು ಆ ಎಐ ಮಾಡುತ್ತದೆ, ಅದೊಂದನ್ನು ಕೇಳಿ ಬನ್ನಿ ಎಂದಳು.

ಬಸವೇಶನಿಗೆ ಉತ್ತರ ಹುಡುಕಬೇಕಾಗಲಿಲ್ಲ. ನಿಮ್ಮ ಡಿಸ್ಕ್‌ಗಳಲ್ಲಿ ಲಕ್ಷಗಟ್ಟಲೆ ಫೋಟೊ ಇವೆಯಲ್ಲ, ಅವನ್ನೆಲ್ಲ ಇದಕ್ಕೆ ತೋರಿಸಿ. ಒಂದು ಮುಖ ಕೊಟ್ಟರೆ ಅದೇ ಮುಖ ಎಲ್ಲೆಲ್ಲಿದೆಯೋ ಹೆಕ್ಕಿ ಮುಂದಿಡುತ್ತದೆ ಎಂದ. ಆ ಮಾತಿಗೆ ಮುಬಶೀರ್ ಸೋತ. ಸ್ಟುಡಿಯೋದಲ್ಲಿ ಅವನ ಅರ್ಧ ಆಯುಷ್ಯ ಫೋಟೊ ತೆಗೆಯುವುದರಲ್ಲಲ್ಲ, ತೆಗೆದಿಟ್ಟದ್ದನ್ನು ಹುಡುಕುವುದರಲ್ಲಿ ಹೋಗುತ್ತಿತ್ತು. ಬೆಳ್ಳಿ ಬಣ್ಣದ್ದನ್ನೇ ಕೊಂಡ. ಒಂದು ವಾರ ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ಬದಲಾಯಿಸಿ ಕೊಡುತ್ತೇನೆ ಎಂದು ಬಸವೇಶ್ ತಾನಾಗಿಯೇ ಹೇಳಿದ.

ಬಸ್ಸು ಬೀರೂರು ದಾಟುವಾಗ ಫೋನ್ ಬಂತು. ಅಜ್ಜಂಪುರದ ಸೋಮಶೇಖರಪ್ಪ, ಬೆನಕಪ್ಪನವರ ತಮ್ಮ. ಅಣ್ಣ ಹೋದ ಎಂದರು. ಇಂದು ಸಂಜೆಗೆ ಮಣ್ಣು, ಭಾನುವಾರ ಶಿವಗಣಾರಾಧನೆ. ಪೂಜೆಗೆ ಇಡಲು ದೊಡ್ಡದೊಂದು ಫೋಟೊ, ಬಾಗಿಲ ಮುಂದೆ ಕಟ್ಟಲು ಒಂದು ಫ್ಲೆಕ್ಸ್ ಬೇಕು ಎಂದರು. ಹೊಸ ಮಿಷನ್ ತಂದಿದ್ದೇನೆ, ಬೇಗ ಮಾಡಿಕೊಡುತ್ತೇನೆ ಎಂದ ಮುಬಶೀರ್. ಯಾವ ಫೋಟೊ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ.

"ನಿಮ್ಮತ್ರನೇ ಐತಲ್ಲ, ಒಳ್ಳೇದೊಂದು ನೋಡಿ ಹಾಕು," ಎಂದಷ್ಟೇ ಹೇಳಿ ಫೋನಿಟ್ಟರು.

ಅಜ್ಜಂಪುರದ ಕಡೆಯ ಹಳೆಯ ಮನೆತನಗಳಲ್ಲಿ ಇದೇ ರೂಢಿ. ಮುಬಶೀರನ ತಂದೆ ಮಹಬೂಬ್ ಸಾಬರ ಕಾಲದಿಂದ ಅವರ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲದಕ್ಕೂ ತರೀಕೆರೆಯ ಈ ಸ್ಟುಡಿಯೋದವರೇ. ಮನೆಯಲ್ಲಿ ಆಲ್ಬಂ ಕಳೆದರೂ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಸಾಬರ ಹತ್ತಿರ ಇದ್ದೇ ಇರುತ್ತದೆ ಎನ್ನುತ್ತಿದ್ದರು. ಹಿರಿಯರು ತೀರಿಕೊಂಡರೆ ಫೋಟೊ ಆರಿಸುವ ಕೆಲಸವೂ ಸಾಬರದೇ. ಪ್ರಿಂಟಿಗೆ ಮುಂಚೆ ತೋರಿಸಿ ಒಪ್ಪಿಗೆ ಪಡೆಯುವ ಪ್ರೂಫನ್ನು ಅವರು ಸಾವಿನ ಮನೆಗೆ ಕಳಿಸಿದವರೇ ಅಲ್ಲ. ದುಃಖದಲ್ಲಿರುವವರ ಮುಂದೆ ಇದು ಬೇಕೋ ಅದು ಬೇಕೋ ಎಂದು ಹಿಡಿಯಬಾರದು ಎಂಬುದು ಅವರ ನಿಯಮ. ಫ್ರೇಮು ಹಾಕಿಸಿ, ಗಂಧದ ಹಾರ ತೊಡಿಸಿ, ನೇರವಾಗಿ ಪೂಜೆಯ ಜಾಗಕ್ಕೇ ಒಯ್ದು ಇಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಸಾಬರು ಹೋದರು. ಆಮೇಲೆ ಆ ನಿಯಮ ಮುಬಶೀರನದಾಯಿತು.

ಈಗ ಅಜ್ಜಂಪುರದಲ್ಲೇ ಎರಡು ಫ್ಲೆಕ್ಸ್ ಅಂಗಡಿಗಳಿವೆ. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಕಟ್ಟಿ ಹೋಗುತ್ತಾರೆ. ಆದರೂ ಹಳೆಯ ಮನೆಗಳವರು ತರೀಕೆರೆಗೇ ಫೋನ್ ಮಾಡುತ್ತಿದ್ದರು. ಆ ಅಂಗಡಿಗಳ ಬಳಿ ಮಿಷನ್ ಇದೆ, ಇವರ ಮುಖಗಳಿಲ್ಲ. ಮುಖಗಳನ್ನು ಇಟ್ಟುಕೊಂಡಿದ್ದಾನೆ ಎಂಬ ನಂಬಿಕೆಯೊಂದು ಹೋದರೆ ಮುಬಶೀರನೂ ಊರೂರಿಗೆ ಇರುವ ಫೋಟೊಗ್ರಾಫರುಗಳಲ್ಲಿ ಒಬ್ಬ, ಅಷ್ಟೇ. ಅದು ಅವನಿಗೂ ಗೊತ್ತಿತ್ತು, ಶಿರೀನ್‌ಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಅವನು ಕೆಲಸಕ್ಕೆ ಕೂತ. ಬುಧವಾರವೆಲ್ಲ ಡಿಸ್ಕ್‌ಗಳನ್ನು ಒಂದಾದ ಮೇಲೊಂದರಂತೆ ಹೊಸ ಲ್ಯಾಪ್‌ಟಾಪ್‌ಗೆ ತೋರಿಸಿದ್ದ. ಸಂಜೆಯ ಹೊತ್ತಿಗೆ ಅದು ಎಲ್ಲವನ್ನೂ ಓದಿ ಮುಗಿಸಿತ್ತು. ಹಿಂದಿನ ವರ್ಷದ ಒಂದು ಗುಂಪು ಫೋಟೊದಿಂದ ಬೆನಕಪ್ಪನವರ ಮುಖ ಕತ್ತರಿಸಿ ಕೊಟ್ಟ. ಮುಖ ಚಿಕ್ಕದು, ಸ್ವಲ್ಪ ಅದುರಿದ್ದು. ಆದರೂ ಕ್ಷಣದಲ್ಲಿ ಪರದೆಯ ತುಂಬ ಬೆನಕಪ್ಪನವರು ತುಂಬಿಕೊಂಡರು. ಮಂಟಪದಲ್ಲಿ, ಪಂಕ್ತಿಯಲ್ಲಿ, ಕಾರಿನ ಪಕ್ಕ, ಸ್ವಾಮಿಗಳ ಎದುರು ಕೈಮುಗಿದು. ಅವನು ಶಿರೀನ್‌ಳನ್ನು ಕರೆದು ತೋರಿಸಿದ. ಹಳೆಯ ಪದ್ಧತಿಯಲ್ಲಾದರೆ ಇಷ್ಟು ಕೂಡಿಹಾಕಲು ಒಂದು ದಿನ ಬೇಕಿತ್ತು ಎಂದ. ಅವಳೂ ಒಪ್ಪಿದಳು.

ನಡುನಡುವೆ ಲ್ಯಾಪ್‌ಟಾಪ್ ಎರಡು ಮುಖಗಳನ್ನು ಪಕ್ಕಪಕ್ಕ ತೋರಿಸಿ, ಇವರಿಬ್ಬರೂ ಒಬ್ಬರೇನಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಎರಡರಲ್ಲೂ ಪೊದೆ ಮೀಸೆ, ಹಣೆಯ ತುಂಬ ವಿಭೂತಿ, ತಲೆಗೆ ಪೇಟ. ಮುಬಶೀರ್ ಹೌದು ಎಂದು ಒತ್ತಿದ. ಮತ್ತೆ ಕೇಳಿತು, ಮತ್ತೆ ಒತ್ತಿದ. ನಾಲ್ಕನೆಯದನ್ನೋ ಐದನೆಯದನ್ನೋ ಅವನು ಸರಿಯಾಗಿ ನೋಡಲೇ ಇಲ್ಲ. ಆ ಹೊತ್ತಿಗೆ ಯಾರೋ ಪಾಸ್‌ಪೋರ್ಟ್ ಸೈಜ್ ಫೋಟೊಗೆ ಬಂದಿದ್ದರು.

ಬಂದವರನ್ನು ಕಳಿಸಿ ತಿರುಗಿ ನೋಡಿದಾಗ ಗುಂಪು ಇನ್ನೂ ದೊಡ್ಡದಾಗಿತ್ತು, ಅದರ ಮೇಲುಗಡೆಯಲ್ಲೇ ಅವನಿಗೆ ಬೇಕಾದದ್ದು ಇತ್ತು. ಎದೆಯವರೆಗಿನ ಫೋಟೊ. ನೇರ ನೋಟ, ಒಳ್ಳೆಯ ಬೆಳಕು, ಹೆಗಲ ಮೇಲೆ ಜರಿಯಂಚಿನ ಶಾಲು, ಮುಖದಲ್ಲಿ ಸಣ್ಣ ನಗು. ಹತ್ತು ಹನ್ನೆರಡು ವರ್ಷ ಹಿಂದಿನದು, ತಂದೆಯ ಕೈಯದು.

ಅವನು ಮುಖ ತಿಳಿಗೊಳಿಸುವ ಗುಂಡಿ ಒತ್ತಿದ. ಬೆವರಿನ ಹೊಳಪು ಹೋಯಿತು. ಕೆನ್ನೆಯ ಕಲೆ, ಚುಕ್ಕೆ, ಸುಕ್ಕು ಎಲ್ಲ ಹೋಯಿತು. ಹಣೆಯ ವಿಭೂತಿಯನ್ನೂ ಲ್ಯಾಪ್‌ಟಾಪ್ ಕಲೆ ಎಂದೇ ತಿಳಿದು ಅಳಿಸಿಹಾಕಿತು.

ಇದಕ್ಕೆ ಮುಬಶೀರ್ ಗಾಬರಿಯಾಗಲಿಲ್ಲ. ವಿಭೂತಿ ಇಲ್ಲದ ಫೋಟೊ ಅವನಿಗೆ ಹೊಸದಲ್ಲ. ಆಧಾರ್ ಕಾರ್ಡಿನಿಂದಲೋ ಪಿಂಚಣಿ ಪುಸ್ತಕದಿಂದಲೋ ಮುಖ ಎತ್ತಬೇಕಾದಾಗ ಹಣೆ ಬೋಳಾಗಿರುತ್ತದೆ. ಅದಕ್ಕೆಂದು ತಂದೆಯ ಕಾಲದಲ್ಲೇ ಯಾರದೋ ಹಣೆಯಿಂದ ಬಿಡಿಸಿಟ್ಟ ವಿಭೂತಿಯೊಂದು ಸ್ಟುಡಿಯೋದಲ್ಲಿತ್ತು. ಮೂರು ಬೆರಳಿನ ಮೂರು ಗೆರೆ, ತುದಿಯಲ್ಲಿ ತುಸು ಮಾಸಿದ್ದು. ಆ ಸುತ್ತಿನಲ್ಲಿ ಶಿವೈಕ್ಯರಾದ ಎಷ್ಟೋ ಮಂದಿ ಗೋಡೆಯ ಮೇಲೆ ಅದೇ ಮೂರು ಗೆರೆ ಹಚ್ಚಿಕೊಂಡು ಕೂತಿದ್ದಾರೆ. ಮುಬಶೀರ್ ಅದನ್ನು ತಂದು ಬೆನಕಪ್ಪನವರ ಹಣೆಗೂ ಇಟ್ಟ. ಹಣೆಯಲ್ಲಿ ಇಲ್ಲದ್ದು ಅವನಿಗೆ ಕಂಡಿತು. ಮುಖದಲ್ಲಿ ಮತ್ತೇನು ಇಲ್ಲವಾಗಿದೆ ಎಂದು ನೋಡಬೇಕೆನಿಸಲಿಲ್ಲ.

ಶಿರೀನ್ ಪ್ರಿಂಟ್ ತೆಗೆಯುವ ಮೊದಲು ಒಮ್ಮೆ ನೋಡಿದಳು. ಈ ಗಂಡ ಹೆಂಡತಿಯ ಮನೆಮಾತು ದಖನಿ; ಸ್ಟುಡಿಯೋದಲ್ಲಿ ಮಾತ್ರ, ಗಿರಾಕಿಗಳು ಬರುವ ಜಾಗವೆಂದು, ಜಗಳವಾಡಿದರೂ ಕನ್ನಡದಲ್ಲೇ.

"ಚೆನ್ನಾಗೈತೆ. ಸ್ವಲ್ಪ ಚಿಕ್ಕೋರಾಗಿ ಕಾಣ್ತಾರೆ. ಇದು ಯಾವ ಮದ್ವೇದು ರೀ?"

"ಅದು ತೋರಿಸಲ್ಲ. ಮುಖ ಅಷ್ಟೇ ತೋರಿಸ್ತೈತೆ. ಅಬ್ಬಾ ತೆಗ್ದಿದ್ದು."

ಹಳೆಯ ಪದ್ಧತಿಯಲ್ಲಿ ಫೋಟೊ ಹುಡುಕಬೇಕಾದರೆ ಮೊದಲು ಯಾರ ಮನೆಯ ಯಾವ ಕಾರ್ಯ ಎಂದು ನೆನಪಿಸಿಕೊಂಡು ಆ ಫೋಲ್ಡರ್ ತೆರೆಯಬೇಕಿತ್ತು. ಹಾಗಾಗಿ ಫೋಟೊ ಸಿಗುವ ಮೊದಲೇ ಅದರ ಜಾತಕ ಕೈಯಲ್ಲಿರುತ್ತಿತ್ತು. ಶಿರೀನ್ ಇನ್ನೊಂದು ಮಾತು ಕೇಳುವವಳಿದ್ದಳು. ಪ್ರಿಂಟರ್ ಶಾಯಿ ಮುಗಿದಿದೆ ಎಂದು ಕೂಗಿತು. ಅವಳು ಆ ಕಡೆ ಹೋದಳು.

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಅಜ್ಜಂಪುರದ ಮನೆಯ ಮುಂದೆ ಶಾಮಿಯಾನ ಏಳುತ್ತಿತ್ತು. ಸೋಮಶೇಖರಪ್ಪ ಜಗಲಿಯ ಮೇಲೆ ಕೂತು, ನಾಳೆ ಪಾಯಸ ಗಸಗಸೆಯದೋ ಶಾವಿಗೆಯದೋ ಎಂದು ಅಡುಗೆ ಭಟ್ಟ ಮುನಿಯಪ್ಪನ ಜೊತೆ ಮಾತಾಡುತ್ತಿದ್ದರು. ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆದ ಮೇಲೆ ಅವರು ಮೀಸೆ ಬೋಳಿಸಿದ್ದರು, ಅರ್ಧ ಇಳಿದುಹೋಗಿದ್ದರು, ಕನ್ನಡಕವೂ ಬಂದಿತ್ತು. ಮುಬಶೀರ್ ಫ್ಲೆಕ್ಸಿನ ಸುರುಳಿಯನ್ನು ಗೋಡೆಗೆ ಒರಗಿಸಿ, ಫ್ರೇಮನ್ನು ಅವರ ಕೈಗೆ ಕೊಟ್ಟ. ಸುತ್ತಿದ್ದ ಪೇಪರನ್ನು ಅವರೇ ಬಿಚ್ಚಿದರು.

ಬಿಚ್ಚಿ ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದರು.

"ಮುಬಶೀರ," ಎಂದರು, ದನಿ ಏರಿಸದೆ. "ನಾನಿನ್ನೂ ಬದುಕಿದೀನಿ ಕಣೋ."

ಅಣ್ಣನನ್ನು ಕಳೆದುಕೊಂಡವರು ಆಡುವ ಮಾತು ಎಂದುಕೊಂಡು ಮುಬಶೀರ್ ತಲೆ ತಗ್ಗಿಸಿದ. ಸೋಮಶೇಖರಪ್ಪ ಫ್ರೇಮನ್ನು ಎದೆಯ ಮೇಲೆ ಎತ್ತಿ ಹಿಡಿದು, ತಮ್ಮ ಮುಖವನ್ನು ಅದರ ಪಕ್ಕಕ್ಕೆ ತಂದರು. ಆಗ ಅವನಿಗೆ ಕಂಡಿತು. ಮೀಸೆ ತೆಗೆದು, ಕನ್ನಡಕ ಹಾಕಿ, ಹನ್ನೆರಡು ವರ್ಷ ಸೇರಿಸಿದರೆ ಫೋಟೊದಲ್ಲಿದ್ದದ್ದು ಇದೇ ಮುಖ. ಹಿರಿಮಗಳ ಧಾರೆಯ ದಿನದ ಸೋಮಶೇಖರಪ್ಪ. ಆ ಮುಖದ ಸುತ್ತ ಗಂಧದ ಹಾರ, ಕೆಳಗೆ ಬಂಗಾರದ ಅಕ್ಷರದಲ್ಲಿ 'ಶಿವೈಕ್ಯ'.



ಸೋಮಶೇಖರಪ್ಪನವರ ಹೆಂಡತಿ ಶಕುಂತಲಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದವರು ಫ್ರೇಮಿನತ್ತ ನೋಡಿದರು. ತಟ್ಟೆಯನ್ನು ಕೆಳಗಿಟ್ಟು, ಹಾರವನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡರು. ಶಾಮಿಯಾನದ ಗಳು ಹಿಡಿದಿದ್ದವರು, ಹೂವಿನವರು, ನೆಂಟರು ಒಬ್ಬೊಬ್ಬರಾಗಿ ಬಂದು ಇಣುಕಿದರು. ಕೊನೆಗೆ ಮುನಿಯಪ್ಪ ಸೌಟು ಹಿಡಿದ ಕೈಯಲ್ಲೇ ಕತ್ತು ಕೆರೆದುಕೊಂಡ.

"ಅಣ್ಣಾರೇ, ನಾಳೆ ಎಡೆ ಯಾರಿಗೆ ಅಂತ ಈಗ್ಲೇ ಹೇಳ್ಬಿಡಿ. ಆಮೇಲೆ ನಮ್ಮ ಮೇಲೆ ಬರ್ಬಾರ್ದು."

ಒಬ್ಬಿಬ್ಬರು ನಕ್ಕರು, ನಕ್ಕು ಶಕುಂತಲಮ್ಮನವರ ಮುಖ ನೋಡಿ ಸುಮ್ಮನಾದರು. ನೆಂಟರಲ್ಲಿ ಒಬ್ಬರು, ಊರಲ್ಲೇ ಅಂಗಡಿ ಇರುವಾಗ ತರೀಕೆರೆಗೆ ಯಾಕೆ ಹೋಗಬೇಕಿತ್ತು ಎಂದು ಯಾರಿಗೂ ಅಲ್ಲದ ಹಾಗೆ ಕೇಳಿದರು. ಆ ಮಾತು ಮುಬಶೀರನಿಗೆ ತಾಗಬೇಕಾದ ಕಡೆಯೇ ತಾಗಿತು.

ಸೋಮಶೇಖರಪ್ಪ ಕೈ ಅಲ್ಲಾಡಿಸಿದರು. "ಬಿಡ್ರೋ. ಏನೋ ಹೊಸ ಮಿಷನ್ ತಂದೀನಿ ಅಂತಿದ್ದ. ಅದು ಎಡವಟ್ಟು ಮಾಡಿರ್ಬೇಕು."

ದಾರಿ ಬಿಟ್ಟುಕೊಟ್ಟಿದ್ದರು. ಹೌದು ಯಜಮಾನರೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುತ್ತ ನಿಂತಿದ್ದವರೆಲ್ಲ ಕಾಲ ಕೆಟ್ಟಿದೆ ಎಂದು ಒಂದೊಂದು ಉದಾಹರಣೆ ಕೊಟ್ಟು ಚದುರುತ್ತಿದ್ದರು.

"ಇಲ್ಲ ಯಜಮಾನ್ರೇ," ಎಂದ ಮುಬಶೀರ್. "ಅದು ನನ್ನ ಕೇಳ್ತು. ಇಬ್ರೂ ಒಬ್ರೇನಾ ಅಂತ. ನಾನೇ ನೋಡ್ದಂಗೆ ಹೌದು ಅಂತ ಒತ್ತಿದೆ."

ಒಳಗಿನಿಂದ, ನಡುಮನೆಯ ಬಾಗಿಲ ಹತ್ತಿರ ಕೂತಿದ್ದ ದಾಕ್ಷಾಯಣಮ್ಮ, ಬೆನಕಪ್ಪನವರ ಹೆಂಡತಿ, ಅದನ್ನು ಇಲ್ಲಿ ತನ್ನಿ ಎಂದರು.

ಮುಬಶೀರನೇ ಒಯ್ದು ಕೊಟ್ಟ. ಅವರು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ವಾಲಿಸಿದರು. ಮೊದಲು ಶಾಲನ್ನು ಮುಟ್ಟಿದರು.

"ಶಾಲು ಸೋಮಣ್ಣಂದು. ನಾನೇ ಆರಿಸಿ ತಂದಿದ್ದು," ಎಂದರು. ಬೆರಳು ಮೂಗಿನ ಪಕ್ಕಕ್ಕೆ ಹೋಯಿತು. "ಮಚ್ಚೆ ಎಲ್ಲೋಯ್ತು?"

ಸೋಮಶೇಖರಪ್ಪನವರ ಮೂಗಿನ ಎಡಬದಿಗೆ ಕಡಲೆಕಾಳಿನಷ್ಟು ಮಚ್ಚೆ ಇದೆ. ಹುಟ್ಟಿದಾಗಿನದು. ಅಣ್ಣತಮ್ಮಂದಿರು ಇಬ್ಬರೂ ಮೀಸೆ ಬಿಟ್ಟಿದ್ದ ಕಾಲದಲ್ಲಿ ಊರವರು ಅದನ್ನು ನೋಡಿಯೇ ಮಾತಾಡಿಸುತ್ತಿದ್ದರು. ಫೋಟೊದಲ್ಲಿ ಆ ಜಾಗ ನುಣ್ಣಗಿತ್ತು.

"ಇದು ನಮ್ಮನೆಯೋರೂ ಅಲ್ಲ, ಸೋಮಣ್ಣನೂ ಅಲ್ಲ. ಯಾರೋ ಮೂರನೇಯೋರು," ಎಂದರು ದಾಕ್ಷಾಯಣಮ್ಮ. ಸಿಟ್ಟಿನ ಸುಳಿವೂ ಇರಲಿಲ್ಲ. "ಒಂದು ಮಾತು ನಮ್ಮನ್ನ ಕೇಳ್ಬಾರ್ದಿತ್ತೇನಪ್ಪಾ?"

ಸಾವಿನ ಮನೆಗೆ ತೊಂದರೆ ಕೊಡಬಾರದು ಎಂದು ಅಬ್ಬಾ ಹೇಳುತ್ತಿದ್ದರು ಎಂದ ಮುಬಶೀರ್.

"ನಿಮ್ಮಪ್ಪಾರು ಕೇಳ್ತಿರ್ಲಿಲ್ಲ, ನಿಜ. ಅವ್ರಿಗೆ ಗೊತ್ತಿತ್ತು, ಅದಕ್ಕೆ ಕೇಳ್ತಿರ್ಲಿಲ್ಲ. ಗೊತ್ತಿಲ್ದಿದ್ರೆ ಕೇಳ್ಬೇಕು. ಸಾವಿನ ಮನೆ ಅಂದ್ರೆ ಬಾಯಿ ಇಲ್ದಿರೋ ಮನೆಯೇನು?"

ಅವನು ತಪ್ಪಾಯಿತು ಎಂದ. ಅವರು ಅದಕ್ಕೆ ಕಾಯುತ್ತಿರಲಿಲ್ಲ. ಬೀರೂರಿನಲ್ಲಿ ತಮ್ಮ ತಂಗಿಯ ಮಗನ ಗೃಹಪ್ರವೇಶ ಆಗಿತ್ತು, ಆ ದಿನ ಊಟ ಮುಗಿಸಿ ಬೆನಕಪ್ಪನವರು ಹೊಸ ಮನೆಯ ಮೆಟ್ಟಿಲ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು, ಸಾಬರು ಹೇಳದೆ ಕೇಳದೆ ಒಂದು ತೆಗೆದಿದ್ದರು. ಅದನ್ನು ಹುಡುಕು ಎಂದರು. ಆ ಮನೆಯವರ ಹೆಸರು ಹೇಳಿದರು. ಯಾವ ಬೇಸಿಗೆ ಎಂದೂ ಹೇಳಿದರು.

ಹೊರಗೆ ಸೋಮಶೇಖರಪ್ಪ ಹೆಂಡತಿಯನ್ನು ಸಮಾಧಾನ ಮಾಡುತ್ತಿದ್ದರು. ಅವರ ಸಮಾಧಾನ ಹೀಗಿತ್ತು: ಹೋದ ತಿಂಗಳು ಕಣದಲ್ಲಿ ಕಾಗೆ ಬಂದು ಅವರ ತಲೆ ಮುಟ್ಟಿತ್ತು. ದೋಷ ಕಳೆಯಲು ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಹೇಳಿಸಬೇಕು, ಒಂದಷ್ಟು ಜನ ಅತ್ತರೆ ಗಂಡಾಂತರ ಹೋಗುತ್ತದೆ ಎಂದು ಶಕುಂತಲಮ್ಮ ಹಟ ಹಿಡಿದಿದ್ದರು. ಇವರು ಒಪ್ಪಿರಲಿಲ್ಲ.

"ಬರೀ ಸುದ್ದಿ ಹೇಳ್ಸು ಅಂದಿದ್ದೆ ನೀನು. ಇವ್ನು ಫ್ರೇಮೇ ಹಾಕ್ಸಿ ತಂದವ್ನೆ. ಇನ್ನ ನಂಗೆ ನೂರು ವರ್ಷ, ಹೋಗೇ."

ಶಕುಂತಲಮ್ಮ ನಗಲಿಲ್ಲ, ಆದರೆ ಹಾರವನ್ನು ಸೆರಗಿನಿಂದ ತೆಗೆದು ಮುಬಶೀರನಿಗೆ ಕೊಟ್ಟರು. ನಾಳೆ ಎಂಟು ಗಂಟೆಗೆ ಪೂಜೆ, ಅಷ್ಟರೊಳಗೆ ನಮ್ಮಣ್ಣನನ್ನು ತಂದುಕೊಡು ಎಂದರು ಸೋಮಶೇಖರಪ್ಪ. ತಂದುಕೊಡದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಫ್ಲೆಕ್ಸಿನ ಸುರುಳಿಯನ್ನು ಬಿಚ್ಚದೆಯೇ ಅವನು ವಾಪಸ್ ಒಯ್ದ.

ತರೀಕೆರೆ ತಲುಪಿದಾಗ ಇನ್ನೂ ಬೆಳಕಿತ್ತು. ನಡೆದದ್ದನ್ನು ಕೇಳಿ ಶಿರೀನ್ ಬೈಯಲಿಲ್ಲ. ಇದು ಅವರೇನಾ ಎಂದು ಗುರುವಾರ ಕೇಳಬೇಕೆಂದಿದ್ದ ಮಾತನ್ನು ನಾನೂ ಕೇಳದೆ ಬಿಟ್ಟೆ ಎಂದಳು. ಹಳೆಯ ಡಿಸ್ಕ್ ಹಾಕಿ, ಬೀರೂರು, ಗೃಹಪ್ರವೇಶ ಎಂದು ತಂದೆ ಹೆಸರಿಟ್ಟಿದ್ದ ಫೋಲ್ಡರ್‌ಗಳನ್ನು ಇಬ್ಬರೂ ಕೂತು ನೋಡಿದರು. ಮೂರನೆಯದರಲ್ಲಿ ಸಿಕ್ಕಿತು.

ಮುಖ ಹುಡುಕುವ ಎಐ ಆ ಫೋಟೊವನ್ನು ಬೆನಕಪ್ಪನವರ ಗುಂಪಿಗೆ ಸೇರಿಸಿರಲೇ ಇಲ್ಲ. ಯಾಕೆಂದು ನೋಡಿದ ಕೂಡಲೇ ತಿಳಿಯಿತು. ಬೆನಕಪ್ಪ ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿದ್ದರು. ಬಲಗೆನ್ನೆ ಎಲೆಅಡಿಕೆಯಿಂದ ಉಬ್ಬಿತ್ತು. ಬೆವರಿಗೆ ವಿಭೂತಿಯ ನಡುಗೆರೆ ಹುಬ್ಬಿನವರೆಗೆ ಇಳಿದಿತ್ತು. ಹಿಂದೆ ಯಾರದೋ ಅರ್ಧ ದೇಹ, ಒಂದು ಬಕೆಟ್ಟು.

"ಹಿಂದಿನ್ದು ತೆಗೀರಿ, ನೆರಳು ತೆಗೀರಿ. ಮುಖ ಮುಟ್ಬೇಡಿ," ಎಂದಳು ಶಿರೀನ್.

ಅವನು ತಾನು ದಿನಾ ಬಳಸುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡಿದ. ಅರ್ಧ ದೇಹವನ್ನೂ ಬಕೆಟ್ಟನ್ನೂ ಅದು ತಾನೇ ಗುರುತಿಸಿ ಬಿಡಿಸಿಕೊಟ್ಟಿತು. ಅದೂ ಎಐ ಕೆಲಸವೇ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಮಾಡುತ್ತಿದ್ದದ್ದೇ. ಹೊಸದರಲ್ಲಿ ಅದು ಹಳೆಯದಕ್ಕಿಂತ ನಿಧಾನವಾಗಿತ್ತು. ತಂದೆಯ ಕಾಲದ ವಿಭೂತಿಯನ್ನು ಅವನು ತೆರೆಯಲಿಲ್ಲ.

ಏಳು ಗಂಟೆಗೆ ಫೋಟೊವನ್ನು ಸೋಮಶೇಖರಪ್ಪನವರ ಫೋನಿಗೆ ಕಳಿಸಿ, ಅಮ್ಮನವರಿಗೆ ತೋರಿಸಿ ಹೇಳಿ ಎಂದು ಬರೆದ. ಆ ಸ್ಟುಡಿಯೋದಿಂದ ಸಾವಿನ ಮನೆಗೆ ಹೋದ ಮೊದಲ ಪ್ರೂಫ್ ಅದು. ಉತ್ತರ ಬರುವವರೆಗೆ ಇಬ್ಬರೂ ಪ್ರಿಂಟರ್ ಪಕ್ಕದಲ್ಲೇ ನಿಂತಿದ್ದರು. ಬಂದದ್ದು ಸೋಮಶೇಖರಪ್ಪನವರ ದನಿ.

"ಅತ್ತಿಗೆ ನೋಡಿದ್ರು. ಇದೇ ಇರ್ಲಿ ಅಂದ್ರು. ಎಲೆಅಡಿಕೆ ತೆಗ್ದೀಯ ಮತ್ತೆ, ಹಂಗೇ ಇರ್ಲಿ ಅಂದ್ರು."

ಭಾನುವಾರ ಏಳೂವರೆಗೆ ಅದೇ ಫ್ರೇಮಿನಲ್ಲಿ, ಹೊಸ ಹಾರದೊಂದಿಗೆ, ಬೆನಕಪ್ಪ ತಮ್ಮ ಮನೆಯ ನಡುಮನೆಗೆ ಬಂದರು. ಬಾಗಿಲ ಮುಂದೆ ಹೊಸ ಫ್ಲೆಕ್ಸ್ ಏರಿತು. ದಾಕ್ಷಾಯಣಮ್ಮ ಒಂದು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ತಂದು ಮುಂದಿಟ್ಟರು. ಮಠದ ಸ್ವಾಮಿಗಳು ಬಂದು ಹೂವು ಏರಿಸಿದರು. ಮುಬಶೀರ್ ಎಲ್ಲವನ್ನೂ ಫೋಟೊ ತೆಗೆದ. ಮುನಿಯಪ್ಪ ಅವನನ್ನು ಪಂಕ್ತಿಯಲ್ಲಿ ಕೂರಿಸಿ, ಎಡೆ ಸರಿಯಾದವರಿಗೇ ಹೋಗಿದೆ, ಹೆದರದೆ ಉಣ್ಣಿ ಎಂದು ಎರಡು ಸಲ ಪಾಯಸ ಬಡಿಸಿದ.

ಸೋಮವಾರ ಅವನು ಕಡೂರಿಗೆ ಹೋದ. ಬಸವೇಶನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುಖ ಹುಡುಕುವುದು ಬಹಳ ಬೇಗ ಆಗುತ್ತದೆ, ಸುಳ್ಳಲ್ಲ. ಆದರೆ ಹುಡುಕಿಕೊಟ್ಟದ್ದು ಯಾರು ಎಂದು ಇನ್ನೊಬ್ಬರನ್ನು ಕೇಳಲೇಬೇಕು. ಕಾರ್ಡ್ ಹಾಕಲು ಜಾಗವಿಲ್ಲದೆ ಭಾನುವಾರದ ಫೋಟೊ ಇಳಿಸಲು ಪಕ್ಕದ ಅಂಗಡಿಯಿಂದ ರೀಡರ್ ತರಬೇಕಾಯಿತು. ಎಡಿಟಿಂಗ್ ನಿಧಾನ, ಅದು ಯಾಕೆ ಎಂದು ಕೇಳಿದ.

ಬಸವೇಶ್ ಬೆಳ್ಳಿ ಬಣ್ಣದ್ದನ್ನು ತನ್ನತ್ತ ಎಳೆದುಕೊಂಡು, ನಿಮ್ಮ ಸಾಫ್ಟ್‌ವೇರಿನ ಎಐ ನಡೆಯುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ, ಇದರಲ್ಲಿರುವ ಎಐ ಚಿಪ್ಪನ್ನು ಅದು ಮುಟ್ಟುವುದೂ ಇಲ್ಲ ಎಂದ. ಅದನ್ನು ಮಂಗಳವಾರವೇ ಹೇಳಬೇಕಿತ್ತು ಎಂದೂ ಒಪ್ಪಿಕೊಂಡ. ಕಪ್ಪು ಲ್ಯಾಪ್‌ಟಾಪನ್ನು ಪೆಟ್ಟಿಗೆಯಿಂದ ತೆಗೆದು ಕೊಡುತ್ತ ಕೇಳಿದ.

"ಅಂದ್ರೆ ಎಐ ಬೇಡ ಅಂತೀರಾ ಭಾಯ್?"

"ಬೇಡ ಅಂತಲ್ಲ ಬಸಣ್ಣ. ನಂಗೆ ಬೇಕಿರೋದು ಕಾರ್ಡ್ ಸ್ಲಾಟ್."

ಬೆಳ್ಳಿ ಬಣ್ಣದ್ದನ್ನು ಅದೇ ವಾರ ಬೀರೂರಿನ ದೀಪಶ್ರೀ ಎಂಬ ವಿದ್ಯಾರ್ಥಿನಿ, ಒಮ್ಮೆ ಬಳಸಿದ್ದು ಎಂದು ತಿಳಿದೇ ಕೊಂಡಳು. ಅವಳು ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಓದಲು ಹೋಗುವವಳು. ಎಐ ಕೀಲಿಯ ವಿಚಾರ ಕೇಳಲೇ ಇಲ್ಲ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ತೂಕ ಎಷ್ಟು ಎಂದಷ್ಟೇ ಕೇಳಿದಳು.

ಮುಂದಿನ ಬುಧವಾರ ಸೋಮಶೇಖರಪ್ಪ, ಶಕುಂತಲಮ್ಮನವರ ಜೊತೆ, ತರೀಕೆರೆಯ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತರು. ತಮ್ಮದೊಂದು ಒಳ್ಳೆಯ ಫೋಟೊ ಈಗಲೇ ತೆಗೆದಿಡು, ಹೊತ್ತು ಬಂದಾಗ ಯಾರೂ ಯಾರನ್ನೂ ಹುಡುಕುವುದು ಬೇಡ ಎಂದರು. ಬಾಯಲ್ಲಿ ಒಳ್ಳೇ ಮಾತು ಬರಲ್ವೇನ್ರೀ ಎಂದು ಶಕುಂತಲಮ್ಮ ರೇಗಿದರು, ರೇಗುತ್ತಲೇ ಗಂಡನ ಶಾಲು ಸರಿಮಾಡಿದರು. ಮುಬಶೀರ್ ಎಡಗಡೆಯಿಂದ ಬೆಳಕು ಕೊಟ್ಟು ತೆಗೆದ. ಸೋಮಶೇಖರಪ್ಪ ಎದ್ದು ಬಂದು, ಪರದೆಗೆ ಮುಖ ತಾಗಿಸಿ, ಮಚ್ಚೆ ಇದೆಯೇ ಎಂದು ನೋಡಿದರು. ಇತ್ತು. ಶಿರೀನ್ ಫೋಲ್ಡರಿಗೆ ಅವರ ಹೆಸರು, ಊರು, 'ಬೆನಕಪ್ಪನವರ ತಮ್ಮ' ಎಂದು ಬರೆದಳು. ಪ್ರೂಫ್ ಅದೇ ದಿನ ಸಂಜೆ ಅವರ ಫೋನಿಗೆ ಹೋಯಿತು.